ರಫು

ನಟ್ಟನಡುವ ಒಂದು ತೂತು ಬಿದ್ದೈತಿ.
ಅಂಚು ಗಟ್ಟಿ, ಸುತ್ತಲಿನ ನೇಯ್ಗಿ ಗಟ್ಟಿ,
ನೋಡಬೇಕಂದ ಜಾಗಾ ಅಷ್ಟ ಇಲ್ಲ.

ಐವತ್ತೆರಡು ವರ್ಷ, ಪುಣೆದ ರವಿವಾರ ಪೇಠದಾಗ
ಒಂದ ಮೆಟ್ಟಿಲ ಮ್ಯಾಲ ಕುಂತು
ಮಂದೀ ಅರಿವಿಯ ತೂತು ಮಾಯ ಮಾಡಿದಾಂವ ನಾನು.
ಕ್ಯಾಂಪಿನ ಕರ್ನಲ್‌ನ ಕೋಟಿಗೆ ಚುಟ್ಟಾದ ಕಿಡಿ,
ಪೈಠಣಿ ಸೆರಗಿಗೆ ಇಲಿ ಹಲ್ಲು,
ಮದಿವಿ ಹಿಂದಿನ ದಿನಾ ಮೊಳಿ ಹತ್ತಿ ಹರದ ಶಾಲು.
ಅದರದ ಅಂಚಿನ ಎಳಿ ಬಿಚ್ಚಿ ಅದಕ್ಕ ಹಾಕಿ
ಎಲ್ಲಿತ್ತು ಹೇಳ್ರಿ ನೋಡೋಣು, ಅಂತಿದ್ದೆ.
ಗಿರಾಕಿ ಬಿಸಲಿಗೆ ಹಿಡದು, ಹುಡುಕಿ, ಸೋತು
ರೊಕ್ಕಾ ಕೊಟ್ಟು ಹೋಗತಿದ್ದ.

ಈಗ ಗಡಿಯಾರಕ್ಕ ಮುಳ್ಳಿಲ್ಲ, ಬರೇ ಬಳಿ.
ಚಹಾ ಬಸಿಯ ಆಚೀಕ ಬೀಳತೈತಿ.
ತುಳಶೀಬಾಗಿನ ಹಂತ್ಯಾಕ ಬೊಂಗಾಳೆ ಕೈ ಎತ್ತಿದನಂತ,
ನಾ ಹಂಗ ಹೋದೆ.
ಪುಂಡಲೀಕಗ ಸೊಕ್ಕು ಬಂದೈತಿ, ಅಂದನಂತ.
ರಾಜಾ ಯಾರು ಗುಲಾಮ ಯಾರು ತಿಳೀದವಗ
ಕೈಯಾಗ ಎಲಿ ಯಾಕ?
ಮದಲ ಇಸ್ಪೀಟು ಬಿಟ್ಟೆ. ಆಮ್ಯಾಲ ಸಂಜೀಕ ಪ್ಯಾಟಿ.
ಆಮ್ಯಾಲ ಗಡ್ಡಾ ಹೆರಿಯೂದು. ಆಮ್ಯಾಲ ಮಾತು.
ಗ್ವಾಡಿ ಕಡೆ ಮಾರಿ ಮಾಡಿ ಮಲಗೂದೊಂದು ಉಳೀತು.
ವಯಸ್ಸು, ಅಂದ ಮಗ. ವಯಸ್ಸು, ಅಂದಳು ಸೊಸಿ.
ವಯಸ್ಸಂದ್ರ ದೊಡ್ಡ ಹಚ್ಚಡ,
ಏನು ಬೇಕಾದ್ದೂ ಮುಚ್ಚತೈತಿ.

ಅದ ಗ್ವಾಡಿ ಮ್ಯಾಲ ಕುದರಿ ಬಂದವು.
ಹೆಬ್ಬಟ್ಟಿನಷ್ಟು ಕುದರಿ, ಸೀರಿ ಅಂಚಿನಾಂಗ ಸಾಲು ಹಿಡದು,
ಒಂದರ ಬಾಲಕ್ಕ ಇನ್ನೊಂದರ ಮೂತಿ.
ಸಪ್ಪಳಿಲ್ಲ.
ಹೆಂಡತಿ ಮಾರಿ ಕಾಣದವಗ
ಕುದರಿ ಲಗಾಮಿನ ಹೊಲಗಿ ಕಾಣತಿತ್ತು!
ಇನ್ನೊಂದಿನ ಟ್ರಂಕಿನ ಮ್ಯಾಲ ಹಸರ ಪರಕಾರದ ಹುಡುಗಿ.
ಯಾರವ್ವ ನೀ, ಅಂದೆ ಬಾಯೊಳಗ.
ಕಾಲು ಅಲ್ಲಾಡಿಸಿಕೋತ ಕುಂತಳು.

ಯಾರ ಮುಂದ ಹೇಳಲಿ?
ಈ ಊರಾಗ ಯರವಡಾ ಅಂದ್ರ ಎರಡು ಬಾಗಲಾ,
ಒಂದು ಕಳ್ಳರದು, ಒಂದು ಹುಚ್ಚರದು.
ನಾ ಏನೂ ಕದ್ದಿಲ್ಲ.
ಏಳು ತಿಂಗಳು ಬಾಯಿ ಹೊಲಕೊಂಡೆ,
ಹೊಲಗಿ ಕಾಣದಂಗ.

ಎಷ್ಟು ಕಾಣತೈತಿ ಅಂತ ಎಲ್ಲಾರೂ ಕೇಳಿದ್ರು,
ಬೋರ್ಡಿನ ಅಕ್ಷರ ತೋರಿಸಿ ತೋರಿಸಿ.
ಈ ಸಣ್ಣ ಡಾಕ್ಟರ್ ಹುಡುಗಿ ದೀಪಾ ಆರಿಸಿ,
ಕುರ್ಚಿ ಹಂತ್ಯಾಕ ಎಳಕೊಂಡು, ಮರಾಠಿಯೊಳಗ ಕೇಳಿದಳು:
ಆಜೋಬಾ, ಇಲ್ಲದ್ದೇನರ ಕಾಣತೈತೇನು?

ಅಲ್ಲೇ ಅತ್ತಬಿಟ್ಟೆ.
ಹುಚ್ಚಲ್ಲ, ಅಂದಳು.
ಕಣ್ಣು ಕಳಸೂದು ನಿಂತ ಜಾಗಾದಾಗ
ಮೆದಳು ತನ್ನ ಗಂಟಿನ್ಯಾಗಿಂದ ತಗದು ತುಂಬತೈತಿ.
ರಫು, ಅಂದೆ.
ಬರಕೊಳ್ಳಲಿಕ್ಕೆ ಹತ್ತಿದ್ದಳು, ಕೇಳಲಿಲ್ಲ.
ಆಮ್ಯಾಲ ನಿದ್ದಿ ಹೆಂಗ, ಊಟ ಹೆಂಗ,
ಇರಬೇಕು ಅನಸತೈತೇನು, ಅಂದಳು.
ಬಾಜೂಕ ಶೇವಂತಿ ಕೈಬಳಿ ಸಪ್ಪಳ ನಿಂತಿತು.
ಒಮ್ಮೊಮ್ಮೆ ಇಲ್ಲ, ಅಂದೆ.

ಬಸ್ಸಿನ್ಯಾಗ ಶೇವಂತಿ ಮಾತಾಡಲಿಲ್ಲ.
ಸ್ವಾರಗೇಟ್ ದಾಟಿದ ಮ್ಯಾಲ ಕೇಳಿದಳು:
ಕುದರಿ ಯಾವ ಬಣ್ಣದವು?
ಬೂದು. ಒಂದು ಮಾತ್ರ ಕೆಂಪು.
ಕೆಂಪಂದು ಎಷ್ಟನೇದು?
ನಾ ಎಣಸಿರಲಿಲ್ಲ.

ನೆಟ್ಟಗ ನೋಡಿದರ ಆಕಿ ಇಲ್ಲ.
ಕಿವಿ ಆಚೀಕ, ಕ್ಯಾಲೆಂಡರ್ ಕಡೆ ನೋಡಿದರ
ಮಾರಿ ಬರತೈತಿ, ಮಸಕು ಮಸಕು.
ನೆಟ್ಟಗ ನೋಡಿ ಮಾತಾಡೂದಿಲ್ಲ ನೀವು, ಅಂತ
ನಲವತ್ತೊಂಬತ್ತು ವರ್ಷ ಜಗಳಾಡಿದಾಕಿ
ಈಗ ಆ ಕಡೆ ನೋಡ್ರಿ ಆ ಕಡೆ, ಅಂತ
ಗದ್ದಾ ಹಿಡದು ತಿರಗಸತಾಳ.

ಮೊಮ್ಮಗಳು ಸಾಲೀಗೆ ಹೋಗೂ ಮುಂದ
ಹತ್ತು ಸೂಜಿಗೆ ದಾರಾ ಪೋಣಿಸಿ ಇಟ್ಟು ಹೋಗತಾಳ.
ಓಣಿ ಹುಡುಗರ ಅಂಗಿಗೆ ಗುಂಡಿ ಹಚ್ಚತೀನಿ,
ಬೆರಳಿಂದ ನೋಡಿ.
ಗುಂಡಿ ಹೊಲಗಿ ಕಂಡರೂ ನಡೀತೈತಿ.
ಬೊಂಗಾಳೆ ಬಂದು ಎಲಿ ಹೆಸರು ಕಿವಿಯಾಗ ಹೇಳತಾನ,
ನಡಕ ಮೋಸಾನೂ ಮಾಡತಾನ ಕಳ್ಳ.

ಮೂರು ದಿನಾ ಆತು.
ಬಂದಾವೇನು? ಅಂತಾಳ ಶೇವಂತಿ.
ಇಲ್ಲ.
ಸರದು ಬಾಜೂಕ ಕುಂದರತಾಳ.
ಖಾಲಿ ಗ್ವಾಡಿ. ಇಬ್ಬರೂ ನೋಡಕೋತ.